ಸೀಮೆಯ ಸರಕು, ನಮ್ಮ ಲೆಕ್ಕ



ನಮ್ಮ ಹಳ್ಳಿಗಳ ಮಾತಿನಲ್ಲಿ ಒಂದು ಸೊಗಸಾದ ಪದವಿದೆ: ಸೀಮೆ. ಹಡಗಿನಲ್ಲಿ ಬಂದ ಎಣ್ಣೆ ಸೀಮೆಎಣ್ಣೆಯಾಯಿತು. ಶಾಲೆಯ ಕಪ್ಪುಹಲಗೆಯ ಮೇಲೆ ಬರೆಯುವ ಕಡ್ಡಿ ಸೀಮೆಸುಣ್ಣವಾಯಿತು. ಹೆಚ್ಚು ಹಾಲು ಕೊಡುವ ಹೊರಗಿನ ತಳಿಯ ಆಕಳು ಸೀಮೆಹಸುವಾಯಿತು. ಸಾಂಬಾರಿಗೆ ಹಾಕುವ ತರಕಾರಿಯೊಂದು ಸೀಮೆಬದನೆಯಾಯಿತು. ಭೈರವನದುರ್ಗದ ಮಗ್ಗುಲಲ್ಲಿರುವ ಕುದೂರಿನ ಪೇಟೆಯಲ್ಲಿ ಇಂದಿಗೂ ಈ ಮಾತುಗಳು ಕೇಳಿಬರುತ್ತವೆ. ಆದರೆ ಒಂದು ವಿಷಯವನ್ನು ಗಮನಿಸಿ. ಈ ಸೀಮೆ ಯಾವ ಸೀಮೆ ಎಂದು ನಮ್ಮ ಹಿರಿಯರು ವಿಂಗಡಿಸಲಿಲ್ಲ. ಇಂಗ್ಲೆಂಡ್ ಆಗಲಿ, ಜರ್ಮನಿಯಾಗಲಿ, ಅಮೆರಿಕವಾಗಲಿ, ಸಮುದ್ರದ ಆಚೆಗಿನದೆಲ್ಲ ಸೀಮೆಯೇ.

ಈಗ ಆ ವಿಂಗಡಣೆ ಜಗತ್ತಿನ ಬೇರೆ ಕಡೆ ಜೋರಾಗಿ ನಡೆದಿದೆ. 2025ರ ಮಾರ್ಚ್‌ನಲ್ಲಿ ಡೆನ್ಮಾರ್ಕ್ ದೇಶದ ಸಾಲಿಂಗ್ ಗ್ರೂಪ್ ಎಂಬ ದೊಡ್ಡ ಅಂಗಡಿ ಸಂಸ್ಥೆಯು ಯೂರೋಪಿನ ಕಂಪನಿಗಳ ಸರಕಿನ ಬೆಲೆಚೀಟಿಯ ಮೇಲೆ ಒಂದು ಕಪ್ಪು ನಕ್ಷತ್ರ ಹಾಕಲಾರಂಭಿಸಿತು. ಅಮೆರಿಕದ ಸರಕು ಬೇಡ, ಯೂರೋಪಿನದೇ ಬೇಕು ಎನ್ನುವ ಗಿರಾಕಿಗಳು ಕೇಳಿದ್ದರಿಂದ ಹೀಗೆ ಮಾಡಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕವು ಶೇಕಡಾ 50ರಷ್ಟು ಸುಂಕ ಹೇರಿದಾಗ ನಮ್ಮಲ್ಲೂ ಇಂಥ ಮಾತುಗಳು ಎದ್ದವು. ಯಾರ ಸರಕು ಕೊಳ್ಳಬೇಕು, ಯಾರದು ಬಿಡಬೇಕು?

ಈ ಪ್ರಶ್ನೆ ನಮಗೆ ಹೊಸದಲ್ಲ. ಮೈಸೂರು ಸೀಮೆಯವರು ನೂರಿಪ್ಪತ್ತು ವರ್ಷಗಳಿಂದ ಯೂರೋಪು, ಅಮೆರಿಕಗಳ ನಡುವೆ ಆರಿಸುತ್ತಲೇ ಬಂದಿದ್ದಾರೆ. ಆ ಆಯ್ಕೆಗಳ ಗುರುತು ಕುದೂರಿನಂಥ ಊರಿನ ಬೀದಿದೀಪದಲ್ಲಿ, ಹುಳುಮನೆಯಲ್ಲಿ, ರಾಗಿ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಇವತ್ತಿಗೂ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ದೀಪ ಬಂದ ದಾರಿ

ಮೊದಲಿಗೆ ವಿದ್ಯುತ್ತು. 1899ರಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ. ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಕೊಡಬೇಕೆಂಬ ಯೋಜನೆ ರೂಪುಗೊಂಡಿತು. ಸಂಸ್ಥಾನದ ಎಂಜಿನಿಯರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್ ಯಂತ್ರಗಳನ್ನು ನೋಡಿಬರಲು ಯೂರೋಪು, ಅಮೆರಿಕ ಎರಡಕ್ಕೂ ಹೋದರು. ಆಗ ನಮ್ಮನ್ನು ಆಳುತ್ತಿದ್ದದ್ದು ಬ್ರಿಟಿಷ್ ಚಕ್ರಾಧಿಪತ್ಯ. ಗಣಿಗಳನ್ನು ನಡೆಸುತ್ತಿದ್ದದ್ದೂ ಇಂಗ್ಲಿಷ್ ಕಂಪನಿಯೇ. ಹಾಗಿದ್ದರೂ ವಿದ್ಯುತ್ ಯಂತ್ರಗಳ ಗುತ್ತಿಗೆ ಸಿಕ್ಕಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ. ನೀರಿನ ಚಕ್ರಗಳ ಗುತ್ತಿಗೆ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಗೆ.

ಏಕೆ ಹೀಗೆ? ವಿದ್ಯುತ್ತನ್ನು ಬಹುದೂರ ಸಾಗಿಸುವ ಅನುಭವ ಆಗ ಅಮೆರಿಕದವರಿಗೆ ಚೆನ್ನಾಗಿತ್ತು. ಕೇವಲ ಮೂರು ವರ್ಷ ಹಿಂದೆ, 1896ರಲ್ಲಿ, ಅವರು ನಯಾಗರ ಜಲಪಾತದಿಂದ ಬಫೆಲೊ ನಗರಕ್ಕೆ ವಿದ್ಯುತ್ತು ಕಳಿಸಿದ್ದರು. ಬೆಟ್ಟದ ನೀರಿನಿಂದ ಚಕ್ರ ತಿರುಗಿಸುವ ಕಸುಬು ಸ್ವಿಟ್ಜರ್ಲೆಂಡಿನವರಿಗೆ ಕರಗತವಾಗಿತ್ತು. ಯಾವ ಕೆಲಸ ಯಾರಿಗೆ ಚೆನ್ನಾಗಿ ಬರುತ್ತದೋ ಆ ಕೆಲಸ ಅವರಿಗೆ. 1902ರ ಜೂನ್ 30ರಂದು ಸುಮಾರು 92 ಮೈಲಿ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಅದು ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಮುಂದೆ ಊರೂರಿಗೆ ಬಂದ ಬೆಳಕಿನ ಮೂಲ ಇದೇ. ಸಂಸ್ಥಾನ ತನ್ನದೇ ವಿದ್ಯುತ್ ಇಲಾಖೆಯನ್ನು ಕಟ್ಟಿಕೊಂಡಿತು. ಯಂತ್ರ ಹೊರಗಿನದು, ನಡೆಸುವ ವಿದ್ಯೆ ನಮ್ಮದಾಯಿತು.

ರೇಷ್ಮೆಯ ಎಳೆ

ಇನ್ನು ಹುಳುಮನೆಗೆ ಹೋಗೋಣ. ಮಾಗಡಿ ತಾಲ್ಲೂಕಿನ ರೈತರಿಗೆ ರಾಮನಗರದ ಗೂಡಿನ ಮಾರುಕಟ್ಟೆ ಮನೆಯಂಗಳವಿದ್ದಂತೆ. ಆದರೆ ಒಂದು ಕಾಲದಲ್ಲಿ ರೋಗದ ಹಾವಳಿಯಿಂದ ಈ ಕಸುಬೇ ನೆಲಕಚ್ಚುವಂತಾಗಿತ್ತು. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ರೇಷ್ಮೆ ಹುಳುವಿನ ರೋಗಗಳನ್ನು ಅಭ್ಯಾಸ ಮಾಡಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸಿಕೊಳ್ಳುವ ವಿಧಾನ ಕಂಡುಹಿಡಿದಿದ್ದರು. ಮೈಸೂರು ಸರ್ಕಾರ 1913ರಲ್ಲಿ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು. ಹೆಸರು ಅಮೆರಿಕದ್ದೆನಿಸಿದರೂ ಅವರು ಇಟಲಿಯವರು. ನಮ್ಮ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಕೃಷಿಕ್ಷೇತ್ರ ತಲೆಯೆತ್ತಿದ್ದು ಆ ದಿನಗಳಲ್ಲಿ.

ನೇಯ್ಗೆಯಲ್ಲೂ ಆಯ್ಕೆ ಯೂರೋಪಿನದೇ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭಿಸಿದಾಗ ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿದ್ದವು. ಮೈಸೂರು ರೇಷ್ಮೆ ಸೀರೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮದುವೆಗೆಂದು ಆ ಸೀರೆ ಕೊಳ್ಳುವ ಯಾರೂ ಅದನ್ನು ಸ್ವಿಸ್ ಸೀರೆ ಎನ್ನುವುದಿಲ್ಲ. ಮಗ್ಗ ಎಲ್ಲಿಂದ ಬಂತೆಂಬುದು ಮರೆತುಹೋಯಿತು. ಬಟ್ಟೆ ನಮ್ಮ ಹೆಸರಿನಲ್ಲಿ ಉಳಿಯಿತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಡಾಲರಿಲ್ಲದ ದಿನಗಳು

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನಲ್ಲಿ ದೊಡ್ಡ ಕಾರ್ಖಾನೆಗಳು ಒಂದರ ಹಿಂದೆ ಒಂದು ಆರಂಭವಾದವು. ಸುತ್ತಲಿನ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಈ ಕಾರ್ಖಾನೆಗಳ ಸಮವಸ್ತ್ರ ತೊಟ್ಟವರಿದ್ದರು. ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ದೂರವಾಣಿ ತಯಾರಿಸಲು 1948ರಲ್ಲಿ ಐ.ಟಿ.ಐ., ಬ್ರಿಟನ್ನಿನ ಕಂಪನಿಯ ಸಹಯೋಗ. ವಾಹನಗಳ ಎಂಜಿನ್ ಭಾಗಗಳಿಗೆ 1951ರಲ್ಲಿ ಮೈಕೊ, ಜರ್ಮನಿಯ ಬಾಷ್ ಸಹಯೋಗ. ಯಂತ್ರ ತಯಾರಿಸುವ ಯಂತ್ರಗಳಿಗೆ 1953ರಲ್ಲಿ ಎಚ್.ಎಂ.ಟಿ., ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗ. ರೇಡಿಯೋ ಮತ್ತು ವಿದ್ಯುನ್ಮಾನ ಸಾಧನಗಳಿಗೆ 1954ರಲ್ಲಿ ಬಿ.ಇ.ಎಲ್., ಫ್ರಾನ್ಸಿನ ಸಿ.ಎಸ್.ಎಫ್. ಸಹಯೋಗ. ಮೈಸೂರಿನಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್, ಮೂಲ ಚೆಕೊಸ್ಲೊವಾಕಿಯ. ಎಲ್ಲವೂ ಯೂರೋಪೇ! ಯುದ್ಧ ಗೆದ್ದು ಜಗತ್ತಿನ ಮೊದಲ ಶ್ರೀಮಂತ ರಾಷ್ಟ್ರವಾಗಿದ್ದ ಅಮೆರಿಕ ಈ ಪಟ್ಟಿಯಲ್ಲಿ ಏಕಿಲ್ಲ?

ಒಂದು ಕಾರಣ ದುಡ್ಡಿನದು. ಎರಡನೆಯ ಮಹಾಯುದ್ಧದಲ್ಲಿ ಭಾರತ ಬ್ರಿಟನ್ನಿಗೆ ಒದಗಿಸಿದ ಸರಕು ಸೇವೆಗಳ ಲೆಕ್ಕದಲ್ಲಿ ಸುಮಾರು 130 ಕೋಟಿ ಪೌಂಡು ಲಂಡನ್ನಿನಲ್ಲಿ ನಮ್ಮ ಹೆಸರಿನಲ್ಲಿ ಜಮೆಯಾಗಿತ್ತು. ಆದರೆ ಅದನ್ನು ಇಷ್ಟಬಂದಂತೆ ಡಾಲರಿಗೆ ಬದಲಾಯಿಸಿಕೊಳ್ಳುವಂತಿರಲಿಲ್ಲ. ಅದರ ಮೇಲೆ 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಜೊತೆ ರೂಪಾಯಿಯ ಮೌಲ್ಯವೂ ಇಳಿಯಿತು. ಒಂದು ಡಾಲರಿಗೆ ಸುಮಾರು 3.30 ರೂಪಾಯಿ ಇದ್ದದ್ದು 4.76 ಆಯಿತು. ಅಮೆರಿಕದ ಯಂತ್ರ ರಾತ್ರಿ ಬೆಳಗಾಗುವುದರೊಳಗೆ ಶೇಕಡಾ 40ಕ್ಕಿಂತ ಹೆಚ್ಚು ತುಟ್ಟಿಯಾಯಿತು.

ಆದರೆ ದುಡ್ಡೊಂದೇ ಕಾರಣ ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡ್ ಪೌಂಡಿನ ವಲಯಕ್ಕೆ ಸೇರಿದ ದೇಶವೇನೂ ಅಲ್ಲ. ಎರಡನೆಯ ಕಾರಣ ಮನೋಭಾವದ್ದು. ಸರ್ಕಾರವೇ ಕಾರ್ಖಾನೆ ನಡೆಸುವುದು ಅಮೆರಿಕದ ಉದ್ಯಮಿಗಳಿಗೂ ರಾಜಕಾರಣಿಗಳಿಗೂ ಒಗ್ಗದ ಮಾತಾಗಿತ್ತು. 1963ರಲ್ಲಿ ಬೊಕಾರೊ ಉಕ್ಕಿನ ಕಾರ್ಖಾನೆಗೆ ಅಮೆರಿಕದ ನೆರವು ಕೈತಪ್ಪಿದ್ದು ಮುಖ್ಯವಾಗಿ ಈ ಕಾರಣಕ್ಕೇ. ಯುದ್ಧದಿಂದ ಜರ್ಜರಿತವಾಗಿದ್ದ ಯೂರೋಪಿನ ಕಂಪನಿಗಳಿಗೆ ಹೊಸ ಮಾರುಕಟ್ಟೆ ಬೇಕಿತ್ತು. ಅವರು ನಕ್ಷೆ ಕೊಡಲು, ನಮ್ಮ ಹುಡುಗರಿಗೆ ಕೆಲಸ ಕಲಿಸಲು, ಸರ್ಕಾರದ ಜೊತೆ ಸಹಿ ಹಾಕಲು ಸಿದ್ಧರಿದ್ದರು. ಬೆಂಗಳೂರಿಗೆ ಬೇಕಾಗಿದ್ದದ್ದು ಸರಕಲ್ಲ, ಸರಕು ಮಾಡುವ ಕೈಚಳಕ. ಅದನ್ನು ಕೊಡುವವರ ಜೊತೆ ಬೆಂಗಳೂರು ಹೋಯಿತು.

ಉಪ್ಪಿಟ್ಟು ಮತ್ತು ಹಾಲು

ಹಾಗಾದರೆ ಅಮೆರಿಕದಿಂದ ನಮಗೇನು ಬಂತು? ಐವತ್ತು ದಾಟಿದ ಓದುಗರಿಗೆ ಉತ್ತರ ನಾಲಿಗೆಯ ಮೇಲೇ ಇದೆ. ಶಾಲೆಯ ಉಪ್ಪಿಟ್ಟು! ಕೇರ್ ಸಂಸ್ಥೆಯ ಮೂಲಕ ಬಂದ ರವೆ, ಹಾಲಿನ ಪುಡಿಗಳನ್ನು ನಮ್ಮ ಎಷ್ಟೋ ಸರ್ಕಾರಿ ಶಾಲೆಗಳ ಮಕ್ಕಳು ತಟ್ಟೆ ಹಿಡಿದು ತಿಂದಿದ್ದಾರೆ, ಕುಡಿದಿದ್ದಾರೆ. ಹಸಿದ ಮಗುವಿನ ಹೊಟ್ಟೆ ತುಂಬಿಸಿದ್ದನ್ನು ಹೀಗಳೆಯುವುದು ಸಲ್ಲದು.

ಇದರ ಹಿಂದೆ ಪಿ.ಎಲ್. 480 ಎಂಬ, 1954ರ ಅಮೆರಿಕದ ಕಾಯ್ದೆಯಿತ್ತು. 1956ರಲ್ಲಿ ಭಾರತ ಆ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡಿತು. ರೂಪಾಯಿಯಲ್ಲೇ ಬೆಲೆ ಕೊಟ್ಟು ಅಮೆರಿಕದ ಗೋಧಿ ತರಿಸಬಹುದಾಗಿತ್ತು. ಸುಲಭವೇ. ಆದರೆ 1965-66ರಲ್ಲಿ ಮಳೆ ಕೈಕೊಟ್ಟಾಗ ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯನ್ನು ಒಟ್ಟಿಗೆ ಬಿಡದೆ, ನಮ್ಮ ಕೃಷಿ ನೀತಿಯನ್ನೂ ವಿಯೆಟ್ನಾಂ ಯುದ್ಧದ ಬಗ್ಗೆ ನಾವಾಡುವ ಮಾತನ್ನೂ ಗಮನಿಸುತ್ತ ಸ್ವಲ್ಪಸ್ವಲ್ಪವಾಗಿ ಬಿಡುಗಡೆ ಮಾಡಿದರು. ಅನ್ನ ಕೊಡುವ ಕೈಯಲ್ಲಿ ಹಗ್ಗವೂ ಇರುತ್ತದೆಂದು ದೇಶ ಅರಿತುಕೊಂಡಿತು.

ಯೂರೋಪಿನಿಂದಲೂ ಹಾಲಿನ ಪುಡಿ ಬಂತು. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆಗೆ ಯೂರೋಪಿನ ದೇಶಗಳಲ್ಲಿ ಮಿಕ್ಕಿದ್ದ 1,26,000 ಟನ್ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ದೊರೆಯಿತು. ವರ್ಗೀಸ್ ಕುರಿಯನ್ ಅವರು ಇದನ್ನು ಪುಕ್ಕಟೆ ಹಂಚಲು ಬಿಡಲಿಲ್ಲ. ಪುಕ್ಕಟೆ ಹಾಲು ಊರಿಗೆ ಬಂದರೆ ನಮ್ಮ ರೈತನ ಹಾಲನ್ನು ಕೇಳುವವರಾರು? ಪುಡಿಯನ್ನು ಹಾಲಾಗಿಸಿ ಮಹಾನಗರಗಳಲ್ಲಿ ಮಾರಿ, ಬಂದ ಹಣವನ್ನು ಸಹಕಾರಿ ಡೈರಿಗಳನ್ನು ಕಟ್ಟಲು ತೊಡಗಿಸಿದರು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಆರಂಭವಾಯಿತು. ಇಂದು ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಊರಿನ ಡೈರಿಯ ಮುಂದೆ ಸಾಲು ನಿಲ್ಲುವ ತಾಯಂದಿರು ಈ ಚರಿತ್ರೆಯ ವಾರಸುದಾರರು. ಕೊಟ್ಟಿಗೆಯ ಸೀಮೆಹಸುವಿನ ತಳಿಯೂ ಯೂರೋಪಿನದೇ, ಹಾಲೆಂಡಿನ ಕಡೆಯದೋ ಜೆರ್ಸಿ ದ್ವೀಪದ್ದೋ ಆಗಿರುತ್ತದೆ.

ಗಮನಿಸಿ. ಅಮೆರಿಕದ ಪುಡಿ, ಯೂರೋಪಿನ ಪುಡಿ ಎರಡೂ ಮಿಕ್ಕ ಮಾಲೇ. ಒಂದು ತಿಂದು ಮುಗಿಯಿತು, ಇನ್ನೊಂದು ಬೀಜದಂತೆ ಮೊಳೆಯಿತು. ವ್ಯತ್ಯಾಸ ಕೊಟ್ಟವರಲ್ಲಿರಲಿಲ್ಲ. ತೆಗೆದುಕೊಂಡ ನಾವು ಏನು ಮಾಡಿದೆವೆಂಬುದರಲ್ಲಿತ್ತು.

ಅಮೆರಿಕ ಕಲಿಸಲೇ ಇಲ್ಲವೆಂದೂ ತಿಳಿಯಬಾರದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮಾದರಿ ಅಮೆರಿಕದ್ದು, ಟೆನೆಸೀ ವಿಶ್ವವಿದ್ಯಾನಿಲಯ ಅದಕ್ಕೆ ನೆರವಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಮಾಗಡಿಯ ಬೆದ್ದಲು ಹೊಲದಲ್ಲಿ ರಾಗಿಯ ಇಳುವರಿ ಏರಿದ್ದರ ಹಿಂದೆ ಆ ಕೆಲಸವಿದೆ. ಅಮೆರಿಕದಿಂದ ಸಂಸ್ಥೆಯ ಮಾದರಿ, ಆಫ್ರಿಕದಿಂದ ಬೀಜ, ದುಡಿಮೆ ಮಾತ್ರ ನಮ್ಮ ಮಂಡ್ಯದ್ದು.

ಯೂರೋಪು ಕೈಬಿಟ್ಟದ್ದೂ ಉಂಟು

ಇಷ್ಟು ಓದಿ, ಯೂರೋಪಿನವರನ್ನು ನಂಬಬಹುದು ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಎರಡು ಉದಾಹರಣೆ ಕೇಳಿ.

ಎಚ್.ಎ.ಎಲ್.ನಲ್ಲಿ ಮಾರುತ್ ಎಂಬ ಯುದ್ಧವಿಮಾನ ತಯಾರಾಯಿತು. ಅದನ್ನು ರೂಪಿಸಲು ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಅದು ಮೊದಲ ಬಾರಿಗೆ ಹಾರಿತು. ಮೈಕಟ್ಟು ಸೊಗಸಾಗಿತ್ತು. ಎಂಜಿನ್ ಮಾತ್ರ ಬ್ರಿಟನ್ನಿನ ಆರ್ಫಿಯಸ್. ಮಾರುತ್‌ಗೆ ಬೇಕಾಗಿದ್ದ ಹೆಚ್ಚು ಶಕ್ತಿಯ ಎಂಜಿನ್ನನ್ನು ಬ್ರಿಟನ್ ಅಭಿವೃದ್ಧಿಪಡಿಸದೆ ನಿಲ್ಲಿಸಿತು. ಅದರ ವೆಚ್ಚ ಹೊರಲು ನಾವೂ ಮುಂದಾಗಲಿಲ್ಲ. 147 ವಿಮಾನಗಳನ್ನು ಕಟ್ಟಿದೆವು. ಆದರೆ ಅವು ತಮ್ಮ ಮೈಕಟ್ಟಿಗೆ ತಕ್ಕ ವೇಗವನ್ನು ಎಂದೂ ಕಾಣಲಿಲ್ಲ.

ಎರಡನೆಯದು ದೂರವಾಣಿಯ ಕಥೆ. 1964ರಲ್ಲಿ ಬೆಲ್ಜಿಯಂನ ಕಂಪನಿಯೊಂದರಿಂದ ಕ್ರಾಸ್‌ಬಾರ್ ಎಂಬ ವಿನಿಮಯ ಕೇಂದ್ರದ ತಂತ್ರಜ್ಞಾನವನ್ನು ಐ.ಟಿ.ಐ. ತರಿಸಿತು. ಯೂರೋಪಿನಲ್ಲಿ ಮನೆಗೊಂದು ದೂರವಾಣಿ, ದಿನಕ್ಕೆ ನಾಲ್ಕಾರು ಕರೆ. ನಮ್ಮಲ್ಲಿ ಬೀದಿಗೊಂದು ದೂರವಾಣಿ, ಊರವರೆಲ್ಲರ ಕರೆಯೂ ಅದರಲ್ಲೇ! ಆ ಹೊರೆಯನ್ನು ಯಂತ್ರ ತಾಳಲಿಲ್ಲ. ವಿನ್ಯಾಸವನ್ನೇ ತಿದ್ದಬೇಕಾಯಿತು. ತಪ್ಪು ಯಂತ್ರದ್ದಲ್ಲ. ಅದನ್ನು ಮಾಡಿದ್ದು ಬೇರೆ ಜನಕ್ಕಾಗಿ, ಅಷ್ಟೇ.

ಇದಕ್ಕೆ ಉತ್ತರ ಸಿಕ್ಕಿದ್ದು ಯೂರೋಪಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. 1984ರಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಯಿತು. ಹವಾನಿಯಂತ್ರಣ ಬೇಡದ, ನಮ್ಮ ಧೂಳು ಸೆಕೆಗಳನ್ನು ತಾಳುವ, 128 ಲೈನುಗಳ ಪುಟ್ಟ ಗ್ರಾಮೀಣ ವಿನಿಮಯ ಕೇಂದ್ರವನ್ನು ನಮ್ಮ ಎಂಜಿನಿಯರುಗಳೇ ರೂಪಿಸಿದರು. ಅದರ ಮೊದಲ ಸ್ಥಾಪನೆ ನಮ್ಮ ಕರ್ನಾಟಕದಲ್ಲೇ, 1986ರಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಆಯಿತು. ಕಿತ್ತೂರು, ಕುದೂರಿನಂಥ ಊರುಗಳಿಗೆ ತಕ್ಕ ಯಂತ್ರ ಇಂಥ ಊರುಗಳನ್ನು ಬಲ್ಲವರಿಂದಲೇ ಬರಬೇಕಾಯಿತು.

ದುಡಿದು ಪಡೆದ ವಿದ್ಯೆ

ಆರಿಸುವುದು ಹೇಗೆಂಬುದಕ್ಕೆ ಇನ್ನೊಂದು ಉದಾಹರಣೆ ಇಸ್ರೋದ್ದು. 1974ರಲ್ಲಿ ಫ್ರಾನ್ಸಿನ ವೈಕಿಂಗ್ ಎಂಬ ರಾಕೆಟ್ ಎಂಜಿನ್ ಆಗಿನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ನಮ್ಮಲ್ಲಿ ಹಣವಿಲ್ಲ, ಎಂಜಿನಿಯರುಗಳಿದ್ದಾರೆ. ಅವರಲ್ಲಿ ಎಂಜಿನ್ ಇದೆ, ಕೆಲಸಕ್ಕೆ ಕೈ ಬೇಕು. ಹೀಗಾಗಿ ನಮ್ಮ ಎಂಜಿನಿಯರುಗಳು ಫ್ರಾನ್ಸಿಗೆ ಹೋಗಿ, ತಲೆಗೊಂದು ವರ್ಷದ ಲೆಕ್ಕದಲ್ಲಿ ನೂರು ವರ್ಷಗಳ ದುಡಿಮೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ತಂತ್ರಜ್ಞಾನ ಪಡೆದರು. ಅದೇ ಇಂದಿನ ವಿಕಾಸ್ ಎಂಜಿನ್. 2023ರ ಜುಲೈ 14ರಂದು ಚಂದ್ರಯಾನ-3 ಹೊತ್ತ ರಾಕೆಟ್ಟಿನಲ್ಲೂ ವಿಕಾಸ್ ಎಂಜಿನ್‌ಗಳಿದ್ದವು.

ಇದಕ್ಕೆ ಎದುರಾಗಿ ಕ್ರಯೋಜೆನಿಕ್ ಎಂಜಿನ್ನಿನ ಕಥೆ ನೋಡಿ. ತಂತ್ರಜ್ಞಾನವನ್ನೂ ಕೊಡುತ್ತೇವೆಂದ ರಷ್ಯದ ಸಂಸ್ಥೆಯೊಡನೆ 1991ರಲ್ಲಿ ಇಸ್ರೋ ಒಪ್ಪಂದ ಮಾಡಿಕೊಂಡಿತು. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. ಎಂಜಿನ್ನುಗಳು ಬಂದವು, ವಿದ್ಯೆ ಬರಲಿಲ್ಲ. ಕೊನೆಗೆ 2014ರ ಜನವರಿ 5ರಂದು ನಮ್ಮದೇ ಕ್ರಯೋಜೆನಿಕ್ ಎಂಜಿನ್ ಇದ್ದ ರಾಕೆಟ್ ಯಶಸ್ವಿಯಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆದರೆ ಅದನ್ನು ಇನ್ನು ಯಾರೂ ಕಸಿಯುವಂತಿಲ್ಲ.

ಈ ಪಾಠ ಹಳತಾಗಿಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನ 2001ರ ಜನವರಿ 4ರಂದು ಮೊದಲು ಹಾರಿತು. ಅದರ ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. 1902ರಲ್ಲಿ ಶಿವನಸಮುದ್ರಕ್ಕೆ ಯಂತ್ರ ಕಳಿಸಿದ ಅದೇ ವಂಶ! ಸುಧಾರಿಸಿದ ತೇಜಸ್‌ಗೆ ಬರಬೇಕಾಗಿದ್ದ ಎಂಜಿನ್ನುಗಳು 2024ರಲ್ಲಿ ಸಮಯಕ್ಕೆ ಬಾರದೆ, ಅವುಗಳಲ್ಲಿ ಮೊದಲನೆಯದು 2025ರ ಮಾರ್ಚ್‌ನಲ್ಲಿ ಬಂತು. ಮಾರುತ್‌ಗೆ ಬ್ರಿಟನ್ನಿನ ಎಂಜಿನ್, ತೇಜಸ್‌ಗೆ ಅಮೆರಿಕದ ಎಂಜಿನ್. ದೇಶ ಬದಲಾಯಿತು. ಕಾಯುವವರು ಮಾತ್ರ ನಾವೇ.

ಉಳಿಸಿಕೊಳ್ಳದಿದ್ದರೆ

ಕೊನೆಯದಾಗಿ ಒಂದು ಕಹಿ ಮಾತು. ಕಲಿತದ್ದು ತಾನಾಗಿ ಉಳಿಯುವುದಿಲ್ಲ. ಒಂದು ಕಾಲದಲ್ಲಿ ನೌಕರಿ ಸಿಕ್ಕರೆ, ಮದುವೆಯಾದರೆ, ನಿವೃತ್ತಿಯಾದರೆ ಎಚ್.ಎಂ.ಟಿ. ಗಡಿಯಾರದ ಉಡುಗೊರೆ ನಿಶ್ಚಿತವಾಗಿತ್ತು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಆರಂಭವಾದ ಆ ಕೈಗಡಿಯಾರದ ತಯಾರಿಕೆ ಬೆಂಗಳೂರಿನಿಂದ ನೆರೆಯ ತುಮಕೂರಿಗೂ ಹಬ್ಬಿತ್ತು. ಕ್ವಾರ್ಟ್ಸ್ ಗಡಿಯಾರಗಳ ಕಾಲ ಬಂದಾಗ ಅದು ಹೊಸತನ್ನು ಬೇಗ ಕಲಿಯಲಿಲ್ಲ. 2016ರಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಮೈಸೂರಿನ ಜಾವಾ ಕಾರ್ಖಾನೆ ಅದಕ್ಕೂ ಮೊದಲೇ, 1996ರಲ್ಲಿ, ನಿಂತಿತ್ತು. ಕಲಿಸಿದ ಗುರು ಎಂಥವನಾದರೂ ಶಿಷ್ಯ ಅಭ್ಯಾಸ ಬಿಟ್ಟರೆ ಫಲವೇನು?

ಇತ್ತ ನಮ್ಮ ಜಿಲ್ಲೆಯ ಬಿಡದಿಯ ಕಡೆ ಒಮ್ಮೆ ಹೋಗಿಬನ್ನಿ. ಜರ್ಮನಿಯ ಬಾಷ್, ಜಪಾನಿನ ಟೊಯೋಟ, ಅಮೆರಿಕದ ಕೋಕಾ-ಕೋಲ, ಎಲ್ಲರ ಕಾರ್ಖಾನೆಗಳೂ ಒಂದೇ ಹೋಬಳಿಯ ಸುತ್ತ ನೆಲೆಸಿವೆ. ಈ ಕೋಕಾ-ಕೋಲ 1977ರಲ್ಲಿ, ಪಾಲನ್ನು ಇಳಿಸಿ ಪಾಕದ ಗುಟ್ಟು ತಿಳಿಸಿರೆಂದು ಸರ್ಕಾರ ಕೇಳಿದ್ದಕ್ಕೆ ದೇಶವನ್ನೇ ಬಿಟ್ಟುಹೋಗಿ, 1993ರಲ್ಲಿ ಮರಳಿ ಬಂದದ್ದು. ಗುಟ್ಟು ಇನ್ನೂ ಅವರದೇ. ಆ ಬಾಟಲಿ ಬಿಡದಿಯಲ್ಲೇ ತುಂಬಿದರೂ ಅದನ್ನು ನಮ್ಮದೆನ್ನಬಹುದೇ? ಸ್ವಿಸ್ ಮಗ್ಗದಲ್ಲಿ ನೇಯ್ದ ಮೈಸೂರು ರೇಷ್ಮೆ ಸೀರೆಯನ್ನು ನಮ್ಮದಲ್ಲವೆನ್ನಬಹುದೇ?

ಆದ್ದರಿಂದ ಓದುಗರೇ, ನಾಳೆ ಯಾರಾದರೂ ನಿಮ್ಮನ್ನು ಅಮೆರಿಕದ್ದು ಬಿಟ್ಟು ಯೂರೋಪಿನದು ಕೊಳ್ಳಿ ಎಂದರೆ, ಇಲ್ಲವೇ ಯೂರೋಪಿನದು ಬಿಟ್ಟು ಅಮೆರಿಕದ್ದು ಕೊಳ್ಳಿ ಎಂದರೆ, ಅವಸರ ಮಾಡಬೇಡಿ. ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮ ರೈತ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಹಾಗೆಯೇ ನೀವೂ ಕೇಳಿ. ಇದು ನಮ್ಮ ಧೂಳಿಗೆ, ನಮ್ಮ ಬಳಕೆಗೆ ತಾಳುತ್ತದೆಯೇ? ಕೆಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ? ಮಾರಿದವನು ಮುನಿಸಿಕೊಂಡ ದಿನ ನಮ್ಮ ಗತಿ ಏನು? ಇದರಿಂದ ನಮ್ಮ ಮಕ್ಕಳು ಏನಾದರೂ ಕಲಿಯುತ್ತಾರೆಯೇ?

ಡೆನ್ಮಾರ್ಕಿನ ಬೆಲೆಚೀಟಿಯ ನಕ್ಷತ್ರ ಸರಕು ಎಲ್ಲಿಂದ ಬಂತೆಂದು ಹೇಳಬಲ್ಲದು. ಅದು ಬಂದ ಮೇಲೆ ನಮ್ಮಲ್ಲಿ ಏನು ಉಳಿಯುತ್ತದೆಂಬ ಲೆಕ್ಕವನ್ನು ನಾವೇ ಇಡಬೇಕು.